ಗೆರೆಯ ಅಗಲ, ಸ್ಥಿತಿಯ ಆಯಸ್ಸು

ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಬೆಳಕಿನ ಹೀರಿಕೆ ರೋಹಿತ ಮೊದಲು ಕೈಗೆ ಸಿಗುವುದು ಕಡ್ಡಿಗಳ ಸಾಲಾಗಿ. ಇಂಥ ಶಕ್ತಿಯಲ್ಲಿ ಒಂದು ಜಿಗಿತ, ಅದರ ಬಲಕ್ಕೆ ತಕ್ಕ ಎತ್ತರದ ಒಂದು ಕಡ್ಡಿ. ತುಸು ಮುಂದೆ ಇನ್ನೊಂದು. ಕಡ್ಡಿಗೆ ದಪ್ಪವೇ ಇಲ್ಲ. ಪ್ರಯೋಗಶಾಲೆಯ ಉಪಕರಣ ಕೊಡುವ ರೋಹಿತವಾದರೋ ಗುಡ್ಡದ ಸಾಲಿನಂತೆ ಏರಿ ಇಳಿಯುತ್ತದೆ. ಎರಡನ್ನೂ ಒಂದೇ ಹಾಳೆಯ ಮೇಲಿಟ್ಟು ಹೋಲಿಸಬೇಕಾದರೆ ಪ್ರತಿ ಕಡ್ಡಿಯನ್ನೂ ಒಂದಿಷ್ಟು ಹರಡಬೇಕು. ಸಂಶೋಧನ ಲೇಖನಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವ ಜಾಗ ಒಂದು ವಾಕ್ಯ: ‘0.1 ಎಲೆಕ್ಟ್ರಾನ್ ವೋಲ್ಟ್ ಹರವು ಬಳಸಲಾಗಿದೆ.’ 0.1 ಏಕೆ? 2 ಎಲೆಕ್ಟ್ರಾನ್ ವೋಲ್ಟಿನ ಕಡ್ಡಿಗೂ 20ರ ಕಡ್ಡಿಗೂ ಅದೇ ಹರವು ಏಕೆ? ಉತ್ತರ ಅಲ್ಲಿರುವುದಿಲ್ಲ. ಆ ಒಂದು ಸಂಖ್ಯೆಯನ್ನು ಬದಲಿಸಿದರೆ ರೋಹಿತದಿಂದ ನಾವು ತೆಗೆಯುವ ತೀರ್ಮಾನವೇ ಬದಲಾಗಬಹುದು ಎಂಬುದಕ್ಕಾಗಿಯೇ ಈ ಪ್ರಶ್ನೆಯನ್ನು ಇಡಿಯಾಗಿ ಬಿಡಿಸಿ ನೋಡಬೇಕೆನಿಸಿತು.

ಮೂಲ ವಿಚಾರ ಹಳೆಯದು. ಉದ್ರಿಕ್ತ ಸ್ಥಿತಿ ಶಾಶ್ವತವಾಗಿದ್ದರೆ ಅದರ ಗೆರೆ ಕೂದಲೆಳೆಗಿಂತ ಸಪೂರ. ಅದು ಸಾಯುವಂಥದ್ದಾದರೆ ಗೆರೆಗೆ ಅಗಲ ಬರುತ್ತದೆ. ಆಯಸ್ಸು ಕಡಿಮೆಯಾದಷ್ಟೂ ಅಗಲ ಹೆಚ್ಚು. 1930ರಲ್ಲಿ ವೈಸ್ಕಾಫ್ ಮತ್ತು ವಿಗ್ನರ್ ಇದನ್ನು ಕ್ವಾಂಟಮ್ ಸಿದ್ಧಾಂತದ ಚೌಕಟ್ಟಿನಲ್ಲಿ ಕಟ್ಟಿಕೊಟ್ಟರು. ಲೆಕ್ಕ ಸುಲಭ: 0.658ನ್ನು ಫೆಮ್ಟೊಸೆಕೆಂಡಿನಲ್ಲಿ ಹೇಳಿದ ಆಯಸ್ಸಿನಿಂದ ಭಾಗಿಸಿದರೆ, ಶಿಖರದ ಅರ್ಧ ಎತ್ತರದಲ್ಲಿ ಇರುವ ಪೂರ್ತಿ ಅಗಲ ಎಲೆಕ್ಟ್ರಾನ್ ವೋಲ್ಟಿನಲ್ಲಿ (ಮುಂದೆ ‘ಇವಿ’ ಎನ್ನುತ್ತೇನೆ) ಬರುತ್ತದೆ. ಹಾಗಾಗಿ 0.1 ಇವಿ ಅಗಲ ಎಂದು ಬರೆದವರು, ತಿಳಿದೋ ತಿಳಿಯದೆಯೋ, ‘ಈ ಸ್ಥಿತಿ 6.6 ಫೆಮ್ಟೊಸೆಕೆಂಡ್ ಬದುಕುತ್ತದೆ’ ಎಂದು ಹೇಳಿದ್ದಾರೆ. ಇಡೀ ರೋಹಿತಕ್ಕೆ ಒಂದೇ ಅಗಲ ಕೊಟ್ಟವರು, ಎಲ್ಲ ಸ್ಥಿತಿಗಳ ಆಯಸ್ಸೂ ಒಂದೇ ಎಂದು ಹೇಳಿದಂತಾಯಿತು. ಅದು ನಿಜವಲ್ಲ.

ಏಕೆ ನಿಜವಲ್ಲ ಎನ್ನುವುದಕ್ಕೆ ಎಲೆಕ್ಟ್ರಾನ್ ಯಾವ ದಾರಿಯಲ್ಲಿ ಕೆಳಗಿಳಿಯುತ್ತದೆ ಎಂದು ಕೇಳಿದರೆ ಸಾಕು. ಅರೆವಾಹಕವೊಂದರಲ್ಲಿ ವಾಹಕ ಪಟ್ಟಿಯ ತಳದಲ್ಲೇ ಬಂದು ಕೂತ ಎಲೆಕ್ಟ್ರಾನಿಗೆ ಇನ್ನೂ ಕೆಳಗಿಳಿಯಲು ಮೆಟ್ಟಿಲೇ ಇಲ್ಲ. ಹರಳಿನ ಕಂಪನಗಳು, ಅಂದರೆ ಫೋನಾನುಗಳು, ಅದನ್ನು ಅತ್ತಿತ್ತ ತಳ್ಳಬಹುದು, ಅಷ್ಟೆ. ಸ್ವಲ್ಪ ಮೇಲಿದ್ದರೆ ಫೋನಾನು ಬಿಟ್ಟು ಕೆಳಗಿಳಿಯಬಹುದು. ಮೇಲೆ ಹೋದಂತೆ ಇಳಿಯಬಹುದಾದ ಸ್ಥಿತಿಗಳ ಸಂಖ್ಯೆ ಬೆಳೆಯುತ್ತದೆ, ಆಯಸ್ಸು ಕುಗ್ಗುತ್ತದೆ. ಎಲೆಕ್ಟ್ರಾನಿನ ಹೆಚ್ಚುವರಿ ಶಕ್ತಿ, ತುಂಬಿದ ಪಟ್ಟಿಗೂ ವಾಹಕ ಪಟ್ಟಿಗೂ ನಡುವಿನ ಅಂತರವಾದ ಬ್ಯಾಂಡ್ ಗ್ಯಾಪನ್ನೇ ಮೀರಿತೆಂದರೆ ಇನ್ನೊಂದು ಬಾಗಿಲು ತೆರೆಯುತ್ತದೆ: ಮತ್ತೊಂದು ಎಲೆಕ್ಟ್ರಾನನ್ನು ಗ್ಯಾಪಿನಾಚೆ ಎಬ್ಬಿಸಿ ತಾನು ಕೆಳಗೆ ಬೀಳುವುದು. ಲೋಹಗಳಲ್ಲಿ ಗ್ಯಾಪೇ ಇಲ್ಲದ್ದರಿಂದ ಈ ಬಾಗಿಲು ಯಾವಾಗಲೂ ತೆರೆದಿದ್ದರೂ ಫರ್ಮಿ ಮಟ್ಟದ ಪಕ್ಕದಲ್ಲಿ ಅದು ಬಹಳ ಕಿರಿದು. ಅಲ್ಲಿಂದ ಎಷ್ಟು ದೂರವೋ ಅದರ ವರ್ಗಕ್ಕೆ ತಕ್ಕಂತೆ ಅಗಲ ಬೆಳೆಯುತ್ತದೆ ಎಂಬುದು ಲಾಂಡೌ ಅವರ ಫರ್ಮಿ ದ್ರವ ಸಿದ್ಧಾಂತದ ಪ್ರಸಿದ್ಧ ಫಲ. ಹೀಗೆ ಅಗಲ ಶಕ್ತಿಯ ಮೇಲೆ ಅವಲಂಬಿಸುವುದು ಅಪವಾದವಲ್ಲ. ಒಂದೇ ಅಗಲ ಎಂಬುದೇ ನಾವು ಅನುಕೂಲಕ್ಕೆ ಮಾಡಿಕೊಂಡ ಅಂದಾಜು.

ಅಂದಾಜು ಮಾಡಿದ್ದರಿಂದ ಏನು ಕೆಟ್ಟಿತು? ಸಿಲಿಕಾನನ್ನು ನೋಡಿ. ಸೌರಫಲಕದಿಂದ ಫೋನಿನ ಚಿಪ್‌ವರೆಗೆ ಎಲ್ಲೆಲ್ಲೂ ಇರುವ, ಅಳೆದು ಅಳೆದು ಮೂಲೆ ಮೂಲೆ ತಿಳಿದಿರುವ ವಸ್ತು ಅದು. ಅದರ ಪರೋಕ್ಷ ಗ್ಯಾಪ್ 1.12 ಇವಿ. ಆದರೆ ಫೋನಾನಿನ ನೆರವಿಲ್ಲದ ಬಲವಾದ ನೇರ ಜಿಗಿತಗಳು ಶುರುವಾಗುವುದು 3.4 ಇವಿ ಆಸುಪಾಸಿನಲ್ಲಿ, 4.3ರ ಬಳಿ ಇನ್ನೊಂದು ದೊಡ್ಡ ಶಿಖರ. 1998ರಲ್ಲಿ ಆಲ್ಬ್ರೆಕ್ಟ್, ರೈನಿಂಗ್, ಡೆಲ್ ಸೋಲೆ ಮತ್ತು ಒನಿಡಾ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಹೋದ ರಂಧ್ರದ ಆಕರ್ಷಣೆಯನ್ನು ಬೆಥೆ–ಸಾಲ್‌ಪೀಟರ್ ಸಮೀಕರಣದ ಮೂಲಕ ಸೇರಿಸಿ, 3.4ರ ಶಿಖರಕ್ಕೆ ಸರಿಯಾದ ಎತ್ತರ ಬರುವುದನ್ನು ತೋರಿಸಿದರು. ಅಂದಿನಿಂದ ಇದು ಪ್ರತಿ ಹೊಸ ಪ್ರೋಗ್ರಾಮಿನ ಒರೆಗಲ್ಲು. ಈ ಲೆಕ್ಕಗಳಲ್ಲಿ ಪರಮಾಣುಗಳು ಜಡವಾಗಿ ನಿಂತಿರುತ್ತವೆ, ಫೋನಾನು ಇರುವುದಿಲ್ಲ. ಹಾಗಾಗಿ 3 ಇವಿ ಕೆಳಗೆ ಹೀರಿಕೆ ಶೂನ್ಯವಾಗಿರಬೇಕು.

ಆದರೆ ಕಡ್ಡಿಗಳನ್ನು ಲೊರೆಂಟ್ಜಿಯನ್ ಆಕಾರದಲ್ಲಿ, ಅರ್ಧ ಅಗಲ 0.1 ಇವಿ ಇಟ್ಟು ಹರಡಿದರೆ ಏನಾಗುತ್ತದೆ? ಲೊರೆಂಟ್ಜಿಯನ್ನಿನ ಬಾಲ ಉದ್ದ. ದೂರದ ವರ್ಗಕ್ಕೆ ವಿಲೋಮವಾಗಿ ಮಾತ್ರ ಕುಗ್ಗುತ್ತದೆ. ಶಿಖರದಿಂದ 1 ಇವಿ ಕೆಳಗೆ ಬಂದರೂ ಎತ್ತರದ ನೂರರಲ್ಲೊಂದು ಪಾಲು ಉಳಿದಿರುತ್ತದೆ. ಅದೇ ಅಗಲದ ಗೌಸಿಯನ್ ಆಗಿದ್ದರೆ ಅಷ್ಟು ದೂರದಲ್ಲಿ ಉಳಿಯುವುದು ದಶಮಾಂಶ ಬಿಂದುವಿನ ನಂತರ 30ನೇ ಸ್ಥಾನದ ಆಸುಪಾಸಿನ ಅಂಕಿ. ಸಿಲಿಕಾನಿನ ಹೀರಿಕೆ ಗುಣಾಂಕ 3.4 ಇವಿಯಲ್ಲಿ ಸೆಂಟಿಮೀಟರಿಗೆ ಸುಮಾರು 10 ಲಕ್ಷ. ಅದರ ನೂರರಲ್ಲೊಂದು ಪಾಲು 10,000. ನಿಜವಾದ ಸಿಲಿಕಾನಿನಲ್ಲಿ 2.4 ಇವಿಯಲ್ಲಿ ಅಳತೆ ಸಿಗುವುದೂ 10,000ದ ಆಸುಪಾಸೇ! ಇಲ್ಲೇ ಅಪಾಯ. ಪ್ರಯೋಗದ ಹೀರಿಕೆಗೆ ಕಾರಣ ಫೋನಾನು. ಲೆಕ್ಕದ ಹೀರಿಕೆಗೆ ಕಾರಣ ನಾವೇ ಅಂಟಿಸಿದ ಬಾಲ. ಅಂಕಿಗಳು ಕೂಡಿದ್ದು ಬರೀ ಕಾಕತಾಳೀಯ.

ಇನ್ನೂ ಕೆಳಗೆ 1.2 ಇವಿಗೆ ಬನ್ನಿ. ಅಲ್ಲಿ ನಿಜವಾದ ಸಿಲಿಕಾನಿನ ಗುಣಾಂಕ 20ರ ಆಸುಪಾಸು. ಬಾಲದ ಸ್ಥೂಲ ಲೆಕ್ಕ ಕೊಡುವುದು ಸಾವಿರದ ಮಟ್ಟದ ಅಂಕಿ. ಮೊದಲನೆಯದನ್ನು ನಂಬಿದರೆ ಆ ಬೆಳಕು ಸಿಲಿಕಾನಿನೊಳಗೆ ಅರ್ಧ ಮಿಲಿಮೀಟರ್ ಇಳಿಯುತ್ತದೆ. ಎರಡನೆಯದನ್ನು ನಂಬಿದರೆ 10 ಮೈಕ್ರೊಮೀಟರಿನೊಳಗೇ ಇಂಗಿಹೋಗುತ್ತದೆ. ಸೌರಕೋಶಕ್ಕೆ ಎಷ್ಟು ದಪ್ಪದ ಪದರ ಬೇಕು ಎಂದು ತೀರ್ಮಾನಿಸುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಸಿಲಿಕಾನ್ ಗೊತ್ತಿರುವ ವಸ್ತುವಾದ್ದರಿಂದ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ. ಯಾರೂ ಇನ್ನೂ ತಯಾರಿಸದ ಹೊಸ ಸಂಯುಕ್ತಗಳನ್ನು ನೂರುಗಟ್ಟಲೆ ಲೆಕ್ಕದಲ್ಲೇ ಜಾಲಿಸುವ ಕಾಲ ಇದು. ಅಲ್ಲಿ ಹಿಡಿಯುವವರು ಯಾರು? ಗ್ಯಾಪಿನ ಅಂಚಿನ ಹೀರಿಕೆಯನ್ನೇ ನೆಚ್ಚಿ ದಕ್ಷತೆ ಲೆಕ್ಕ ಹಾಕುವ ವಿಧಾನಗಳಲ್ಲಿ ಈ ಬಾಲ ನೇರವಾಗಿ ವಿದ್ಯುತ್ತಾಗಿ ಎಣಿಕೆಯಾಗಿಬಿಡುತ್ತದೆ.

ನಿಜವಾದ ವಸ್ತುಗಳ ಅಂಚು ಹೇಗಿರುತ್ತದೆ? 1953ರಲ್ಲಿ ಫ್ರಾಂಜ್ ಉರ್ಬಾಖ್ ಬೆಳ್ಳಿಯ ಬ್ರೋಮೈಡಿನಲ್ಲಿ ಕಂಡದ್ದು, ಅಂಚಿನ ಕೆಳಗೆ ಹೀರಿಕೆ ಘಾತೀಯವಾಗಿ ಕುಸಿಯುತ್ತದೆ ಎಂದು. ಆಮೇಲೆ ಎಷ್ಟೋ ವಸ್ತುಗಳಲ್ಲಿ ಇದೇ ನಿಯಮ ಕಂಡಿತು. ಹರಳು ಸಿಲಿಕಾನಿನಲ್ಲಿ ಈ ಕುಸಿತದ ಅಳತೆ ಸುಮಾರು 11 ಮಿಲಿ ಇವಿ, ಪೆರೊವ್‌ಸ್ಕೈಟ್ ಸೌರಕೋಶದ ಮೀಥೈಲ್‌ಅಮೋನಿಯಂ ಲೆಡ್ ಅಯೊಡೈಡಿನಲ್ಲಿ ಸುಮಾರು 15. ಲೊರೆಂಟ್ಜಿಯನ್ನಿನ ಸೋಮಾರಿ ಬಾಲಕ್ಕೂ ಇದಕ್ಕೂ ನಂಟೇ ಇಲ್ಲ.

ಪ್ರಯೋಗದವರು ಇದನ್ನು ಲೆಕ್ಕದವರಿಗಿಂತ ಮೊದಲೇ ಎದುರಿಸಿದ್ದರು. ಪ್ರತಿಫಲಿತ ಬೆಳಕಿನ ಧ್ರುವೀಕರಣ ಅಳೆಯುವ ಎಲಿಪ್ಸೊಮೆಟ್ರಿಯಲ್ಲಿ ತೆಳುಪದರದ ಗುಣಗಳನ್ನು ಸೂತ್ರಕ್ಕೆ ಹೊಂದಿಸುವಾಗ ಗ್ಯಾಪಿನ ಕೆಳಗಿನ ಹುಸಿ ಹೀರಿಕೆ ಅವರನ್ನು ಕಾಡಿತ್ತು. 1992ರಲ್ಲಿ ಕಿಮ್, ಗಾರ್ಲೆಂಡ್, ಅಬಾದ್ ಮತ್ತು ರಕ್ಕಾ ಒಂದು ಉಪಾಯ ಕೊಟ್ಟರು: ಅಗಲವನ್ನೇ ಶಕ್ತಿಯ ಮೇಲೆ ಅವಲಂಬಿಸುವಂತೆ ಮಾಡಿ, ಜಿಗಿತದ ಕೇಂದ್ರದಿಂದ ದೂರ ಹೋದಂತೆ ಅದು ವೇಗವಾಗಿ ಕುಗ್ಗಲಿ. ಆಗ ಲೊರೆಂಟ್ಜಿಯನ್ನಿನ ಸರಳ ಸೂತ್ರವನ್ನೇ ಇಟ್ಟುಕೊಂಡು ಗೌಸಿಯನ್ನಿನಂಥ ಮೊಟಕು ಬಾಲ ಪಡೆಯಬಹುದು. 1996ರಲ್ಲಿ ಜೆಲ್ಲಿಸನ್ ಮತ್ತು ಮೊಡೀನ್ ಅಸ್ಫಟಿಕ ವಸ್ತುಗಳಿಗಾಗಿ ಇನ್ನೊಂದು ದಾರಿ ಹಿಡಿದರು. ಟಾಕ್–ಲೊರೆಂಟ್ಜ್ ಎಂದು ಹೆಸರಾದ ಅವರ ಸೂತ್ರದಲ್ಲಿ ಗ್ಯಾಪಿನ ಕೆಳಗೆ ಹೀರಿಕೆ ಕಡ್ಡಾಯವಾಗಿ ಶೂನ್ಯ. ಎರಡೂ ಇಂದಿಗೂ ಬಳಕೆಯಲ್ಲಿವೆ. ಕಿಮ್ ಅವರದು ಚತುರ ಉಪಾಯವೇ ಹೌದು. ಆದರೆ ಅದರಲ್ಲಿ ಅಗಲ ಕುಗ್ಗುವುದು ಸೂತ್ರವನ್ನು ಅಳತೆಗೆ ಹೊಂದಿಸಲಿಕ್ಕಾಗಿ. ಸ್ಥಿತಿಯ ಆಯಸ್ಸಿನ ಲೆಕ್ಕದಿಂದ ಅದು ಹುಟ್ಟಿದ್ದಲ್ಲ. ಈ ಭೇದವನ್ನು ಮರೆಯಬಾರದು.

ಶಕ್ತಿಗೆ ತಕ್ಕ ಅಗಲ ಕೊಡಬೇಕು ಎಂದು ಒಪ್ಪಿದ ಮೇಲೆ ಎದುರಾಗುವ ತೊಡಕು ಮೇಲ್ನೋಟಕ್ಕೆ ಕಾಣುವುದಿಲ್ಲ. ಅಗಲವನ್ನು ನಿರ್ಧರಿಸಬೇಕಾದದ್ದು ಯಾವ ಶಕ್ತಿ? ಕಡ್ಡಿ ನಿಂತಿರುವ ಜಾಗದ ಶಕ್ತಿಯೇ, ಅಥವಾ ನಾವು ಈಗ ಹೀರಿಕೆಯನ್ನು ಕೇಳುತ್ತಿರುವ ಜಾಗದ ಶಕ್ತಿಯೇ? ಅಗಲ ಸ್ಥಿರವಾಗಿದ್ದಾಗ ಎರಡೂ ಒಂದೇ. ಬದಲಾಗತೊಡಗಿತೋ, ದಾರಿಗಳು ಬೇರೆಯಾಗುತ್ತವೆ.

ಮೊದಲ ದಾರಿಯಲ್ಲಿ ಪ್ರತಿ ಕಡ್ಡಿಯೂ ತನ್ನ ಜಾಗಕ್ಕೆ ತಕ್ಕ ಒಂದು ಗುಡ್ಡವಾಗುತ್ತದೆ. ಗುಡ್ಡದ ವಿಸ್ತೀರ್ಣ ಕಡ್ಡಿಯ ಬಲಕ್ಕೆ ಸಮ, ಹಾಗಾಗಿ ಒಟ್ಟು ಬಲ ಒಂದಿಷ್ಟೂ ಸೋರುವುದಿಲ್ಲ. ಆದರೆ ಎತ್ತರದ ಶಕ್ತಿಯ ಕಡ್ಡಿಗಳು ಹೆಚ್ಚು ಅಗಲವಾಗಿರುವುದರಿಂದ ಅವುಗಳ ಬಾಲ ಗ್ಯಾಪಿನೊಳಕ್ಕೂ ಬಂದು ಬೀಳುತ್ತದೆ. 10 ಇವಿಯಲ್ಲಿ 1 ಇವಿ ಅಗಲ ಪಡೆದ ಕಡ್ಡಿಗಳ ಗುಂಪು, ನಾವು ತಪ್ಪಿಸಬೇಕೆಂದಿದ್ದ ಹುಸಿ ಹೀರಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದಲ್ಲದೆ, ಸಮತಟ್ಟಾದ ರೋಹಿತವೊಂದನ್ನು ಈ ದಾರಿಯಲ್ಲಿ ಹರಡಿದರೆ ಅದು ಸಮತಟ್ಟಾಗಿ ಉಳಿಯುವುದಿಲ್ಲ.

ಎರಡನೆಯ ದಾರಿಯಲ್ಲಿ, ಕೇಳುತ್ತಿರುವ ಶಕ್ತಿಯೇ ಎಲ್ಲ ಕಡ್ಡಿಗಳ ಅಗಲವನ್ನೂ ನಿರ್ಧರಿಸುತ್ತದೆ. ಗ್ಯಾಪಿನೊಳಗಿನ ಶಕ್ತಿಗೆ ಇಳಿಯುವ ದಾರಿಗಳಿಲ್ಲ, ಅಗಲ ಶೂನ್ಯ, ಹೀರಿಕೆಯೂ ಶೂನ್ಯ. ಸಮತಟ್ಟಾದ ಬಯಲು ಬಯಲಾಗಿಯೇ ಉಳಿಯುತ್ತದೆ. ಬಹುಕಣ ಸಿದ್ಧಾಂತದಲ್ಲಿ ಸ್ವಶಕ್ತಿ ಎಂದು ಕರೆಯುವ ರಾಶಿ ಕಾಣಿಸಿಕೊಳ್ಳುವುದೂ ಹೀಗೆಯೇ, ಕೇಳುವ ಶಕ್ತಿಯ ಫಲನವಾಗಿ. ಹಾಗಾಗಿ ಭೌತಶಾಸ್ತ್ರಕ್ಕೆ ಹತ್ತಿರದ್ದು ಇದೇ ಎಂಬುದು ನನ್ನ ನಿಲುವು. ಆದರೆ ಇದಕ್ಕೊಂದು ಬೆಲೆಯಿದೆ. ಪ್ರತಿ ಕಡ್ಡಿಯ ಒಟ್ಟು ಬಲ ಈಗ ಉಳಿಯುವ ಖಾತ್ರಿ ಇಲ್ಲ. ಕಾರಣ, ಸ್ವಶಕ್ತಿಗೆ ಎರಡು ಭಾಗಗಳಿವೆ: ಕಾಲ್ಪನಿಕ ಭಾಗ ಅಗಲ ಕೊಡುತ್ತದೆ, ವಾಸ್ತವ ಭಾಗ ಕಡ್ಡಿಯನ್ನು ಅದರ ಜಾಗದಿಂದ ಸರಿಸುತ್ತದೆ. ಅಗಲ ಶಕ್ತಿಯೊಂದಿಗೆ ಬದಲಾಗುತ್ತದೆ ಎಂದ ಕ್ಷಣವೇ ಕ್ರಾಮರ್ಸ್–ಕ್ರೋನಿಗ್ ಸಂಬಂಧದ ಪ್ರಕಾರ ಸರಿತವೂ ಬಂದೇ ಬರುತ್ತದೆ. ಎರಡನ್ನೂ ಸೇರಿಸಿದರೆ ಮಾತ್ರ ಬಲದ ಲೆಕ್ಕ ಸರಿಹೋಗುತ್ತದೆ. ಅಗಲವನ್ನು ತೆಗೆದುಕೊಂಡು ಸರಿತವನ್ನು ಬಿಟ್ಟವರು ಅರ್ಧ ಸಮೀಕರಣ ಬರೆದಂತೆ. ಬಳಕೆಯಲ್ಲಿರುವ ಹೆಚ್ಚಿನ ಸಣ್ಣ ಸ್ಕ್ರಿಪ್ಟುಗಳು ಇಷ್ಟನ್ನೇ ಮಾಡುತ್ತವೆ.

ಈ ವಿಷಯದಲ್ಲಿ ಎಲ್ಲರಿಗಿಂತ ಮುಂದಿರುವವರು ಎಕ್ಸ್-ಕಿರಣ ಹೀರಿಕೆಯ ಲೆಕ್ಕ ಮಾಡುವವರು. ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಕಬ್ಬಿಣದ ಕೆ-ಅಂಚನ್ನು ತೆಗೆದುಕೊಳ್ಳಿ, 7112 ಇವಿ. ಒಳಗವಚದ ಎಲೆಕ್ಟ್ರಾನ್ ಎದ್ದುಹೋದಾಗ ಬಿಟ್ಟ ರಂಧ್ರ ಬಹುಬೇಗ ತುಂಬಿಕೊಳ್ಳುತ್ತದೆ. ಅದರಿಂದಲೇ ಸುಮಾರು 1.2 ಇವಿ ಅಗಲ. 1979ರಲ್ಲಿ ಕ್ರೌಸ್ ಮತ್ತು ಆಲಿವರ್ ಧಾತುವಾರು ಕೊಟ್ಟ ಇಂಥ ಅಗಲಗಳ ಪಟ್ಟಿಯನ್ನು ಜನ ಇಂದಿಗೂ ತೆರೆದು ನೋಡುತ್ತಾರೆ. ಇದು ಸ್ಥಿರ ಭಾಗ. ಇದರ ಮೇಲೆ, ಎದ್ದುಹೋದ ಎಲೆಕ್ಟ್ರಾನಿನದೇ ಆಯಸ್ಸಿದೆ. ಅಂಚಿನ ಹತ್ತಿರ ಅದಕ್ಕೆ ಇಳಿಯುವ ದಾರಿಗಳಿಲ್ಲ, ಈ ಪಾಲು ಶೂನ್ಯದ ಹತ್ತಿರ. ಅಂಚಿನಿಂದ 10–20 ಇವಿ ಮೇಲೆ ಪ್ಲಾಸ್ಮಾನುಗಳನ್ನು (ಎಲೆಕ್ಟ್ರಾನುಗಳ ಸಾಮೂಹಿಕ ಕಂಪನಗಳನ್ನು) ಎಬ್ಬಿಸುವ ಶಕ್ತಿ ಬರುತ್ತಿದ್ದಂತೆ ಅಗಲ ಸರ್ರನೆ ಏರುತ್ತದೆ. 50 ಇವಿ ಶಕ್ತಿಯ ಎಲೆಕ್ಟ್ರಾನ್ ಘನವಸ್ತುವಿನಲ್ಲಿ ಶಕ್ತಿ ಕಳೆದುಕೊಳ್ಳದೆ ಸಾಗುವುದು ಅರ್ಧ ನ್ಯಾನೊಮೀಟರಿನಷ್ಟು ದೂರ. ಅದರ ವೇಗ ಸೆಕೆಂಡಿಗೆ ಸುಮಾರು 4,200 ಕಿಲೋಮೀಟರ್. ಭಾಗಿಸಿ ನೋಡಿದರೆ ಆಯಸ್ಸು 0.12 ಫೆಮ್ಟೊಸೆಕೆಂಡ್, ಅಗಲ 5.5 ಇವಿ!

ಒಂದೇ ರೋಹಿತದಲ್ಲಿ 50 ಇವಿ ಅಂತರದೊಳಗೆ ಅಗಲ 1.2ರಿಂದ 6–7ಕ್ಕೆ ಏರುತ್ತದೆ ಎಂದಾಯಿತು. 1.2ನ್ನೇ ಎಲ್ಲೆಡೆ ಬಳಸಿದರೆ ರೋಹಿತದ ಮೇಲ್ಭಾಗ ಪ್ರಯೋಗದಲ್ಲಿ ಯಾರೂ ಕಾಣದ ಮುಳ್ಳುಗಳಿಂದ ತುಂಬುತ್ತದೆ. 6ನ್ನು ಬಳಸಿದರೆ ಅಂಚಿನ ಮುಂಚಿನ ಪುಟ್ಟ ಶಿಖರ ಕರಗಿಹೋಗುತ್ತದೆ. ಕಬ್ಬಿಣ ಯಾವ ಆಕ್ಸಿಡೀಕರಣ ಸ್ಥಿತಿಯಲ್ಲಿದೆ, ಸುತ್ತ ಎಷ್ಟು ಆಕ್ಸಿಜನ್ ಕೂತಿವೆ ಎಂಬ ಸುಳಿವು ಇರುವುದು ಆ ಪುಟ್ಟ ಶಿಖರದಲ್ಲೇ. ಹಾಗಾಗಿ ಗ್ರೆನೋಬಲ್‌ನ ಇವ್ ಜೋಲಿ ಅವರ ಎಫ್‌ಡಿಎಂಎನ್‌ಇಎಸ್ ಪ್ರೋಗ್ರಾಮಿನಲ್ಲಿ ಅಗಲ ಆರ್ಕ್‌ಟ್ಯಾಂಜೆಂಟ್ ರೇಖೆಯಂತೆ ಏರುತ್ತದೆ: ಮೊದಲು ನಿಧಾನ, ನಡುವೆ ಕಡಿದು, ಕೊನೆಗೆ ಮಟ್ಟಸ. ಕ್ವಾಂಟಮ್ ಎಸ್ಪ್ರೆಸೊ ಪ್ರೋಗ್ರಾಮಿನ ಜೊತೆಗಿನ ಎಕ್ಸ್‌ಸ್ಪೆಕ್ಟ್ರಾದಲ್ಲಿ ಸ್ಥಿರ ಅಗಲ, ಬದಲಾಗುವ ಅಗಲ, ನಮ್ಮದೇ ಕಡತದಿಂದ ಓದಿಸುವ ಅಗಲ, ಮೂರಕ್ಕೂ ಆಯ್ಕೆಯಿದೆ. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಅಳೆದ ರೋಹಿತವನ್ನು ಲೆಕ್ಕದ ಜೊತೆ ಇಡುವ ನಮ್ಮ ವಿದ್ಯಾರ್ಥಿಗಳಿಗೂ ಎದುರಾಗುವ ಆಯ್ಕೆಗಳು ಇವೇ.

ಕ್ರೋನಿಗ್ ಹೆಸರು ಮೇಲೆ ಒಮ್ಮೆ ಬಂತು. ರಾಲ್ಫ್ ಕ್ರೋನಿಗ್ ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತಾರೆ. ಟೈಟೇನಿಯಂನಂಥ ಧಾತುಗಳ ಎಲ್-ಅಂಚಿನಲ್ಲಿ ಎರಡು ಕವಲು: ಎಲ್-3 ಮತ್ತು ಎಲ್-2. ಎಲ್-2ರ ರಂಧ್ರ ಹೆಚ್ಚಿನ ಶಕ್ತಿಯದಾದ್ದರಿಂದ ಎಲ್-3ರ ಎಲೆಕ್ಟ್ರಾನೇ ಬಂದು ಅದನ್ನು ತುಂಬಬಹುದು. 1935ರಲ್ಲಿ ಕೋಸ್ಟರ್ ಮತ್ತು ಕ್ರೋನಿಗ್ ವಿವರಿಸಿದ ಪ್ರಕ್ರಿಯೆ ಅದು. ಹೀಗೆ ಒಂದು ದಾರಿ ಹೆಚ್ಚಾದ್ದರಿಂದ ಎಲ್-2ರ ಶಿಖರಗಳು ಎಲ್-3ರ ಶಿಖರಗಳಿಗಿಂತ ಕಣ್ಣಿಗೆ ಕಾಣುವಷ್ಟು ಅಗಲ. ಎರಡಕ್ಕೂ ಒಂದೇ ಅಗಲ ಕೊಟ್ಟು, ಎತ್ತರಗಳ ಅನುಪಾತ ಹೊಂದಲಿಲ್ಲ ಎಂದು ಮೂಲ ಸಿದ್ಧಾಂತವನ್ನೇ ದೂರುವುದು ನ್ಯಾಯವಲ್ಲ. ಪ್ರಯೋಗದವರು ಸುಮ್ಮನಿದ್ದಾರೆಂದೂ ಅಲ್ಲ: 1991ರಲ್ಲಿ ಹೆಮಾಲೈನೆನ್ ಮತ್ತು ಸಂಗಡಿಗರು ಡಿಸ್ಪ್ರೋಸಿಯಂನಲ್ಲಿ, ಹೊರಬರುವ ಪ್ರತಿದೀಪ್ತಿಯ ಕಿರಿದಾದ ಪಟ್ಟಿಯನ್ನಷ್ಟೇ ಆಯ್ದು ಅಳೆದು, ಒಳರಂಧ್ರದ ಅಗಲವನ್ನೇ ತಪ್ಪಿಸಬಹುದು ಎಂದು ತೋರಿಸಿದರು. ಅಂಥ ಅಳತೆಗೆ ಹೋಲಿಸುವಾಗ ಹಳೆಯ ಪಟ್ಟಿಯ ಅಗಲ ಹಾಕಿದರೆ ಲೆಕ್ಕ ಪ್ರಯೋಗಕ್ಕಿಂತ ಮಬ್ಬಾಗುತ್ತದೆ.

ಅಣುಗಳ ವಿಷಯ ಬೇರೆ, ಇಲ್ಲಿ ಚುಟುಕಾಗಿ ಹೇಳುತ್ತೇನೆ. ದ್ರಾವಣದಲ್ಲಿನ ಬಣ್ಣದ ಅಣುವಿನ ಮೇಲ್ಸ್ಥಿತಿ 100 ಫೆಮ್ಟೊಸೆಕೆಂಡ್ ಬದುಕಿದರೂ ಅದರಿಂದ ಬರುವ ಅಗಲ 6.6 ಮಿಲಿ ಇವಿ ಮಾತ್ರ. ನಾವು ಕಾಣುವ 0.3 ಇವಿ ಅಗಲ ಬರುವುದು ಅಣುವಿನ ಕಂಪನದಿಂದ, ಸುತ್ತಲಿನ ದ್ರಾವಕ ಪ್ರತಿ ಅಣುವನ್ನೂ ಬೇರೆ ಬೇರೆಯಾಗಿ ಒತ್ತುವುದರಿಂದ. ಅಲ್ಲಿ ಗೌಸಿಯನ್ ಆಕಾರಕ್ಕೆ ಅರ್ಥವಿದೆ. ಅಯಾನೀಕರಣದ ಮಿತಿ ದಾಟಿದ ಸ್ಥಿತಿಗಳಿಗೆ ಮಾತ್ರ ಎಲೆಕ್ಟ್ರಾನ್ ಹಾರಿಹೋಗುವ ದಾರಿ ತೆರೆದಿರುವುದರಿಂದ ಶಕ್ತಿಗೆ ತಕ್ಕ ಅಗಲ ಬೇಕೇ ಬೇಕು. ಇನ್ನೊಂದು ಎಚ್ಚರಿಕೆ ತರಂಗಾಂತರದ ಅಕ್ಷದ್ದು. 0.3 ಇವಿ ಅಗಲ 300 ನ್ಯಾನೊಮೀಟರಿನಲ್ಲಿ ಸುಮಾರು 22 ನ್ಯಾನೊಮೀಟರ್, 600ರಲ್ಲಿ 87. ಶಕ್ತಿಯಲ್ಲಿ ಸ್ಥಿರವಾದದ್ದು ತರಂಗಾಂತರದಲ್ಲಿ ನಾಲ್ಕು ಪಟ್ಟು ಬದಲಾಗುತ್ತದೆ. ನ್ಯಾನೊಮೀಟರಿನಲ್ಲೇ ಸ್ಥಿರ ಅಗಲ ಹಾಕುವ ಪ್ರೋಗ್ರಾಮು ಗೊತ್ತಿಲ್ಲದೆಯೇ ಶಕ್ತಿಗೆ ತಕ್ಕಂತೆ ಬದಲಾಗುವ ಅಗಲ ಹಾಕುತ್ತಿರುತ್ತದೆ, ಅದೂ ಯಾವ ಭೌತಿಕ ಕಾರಣವೂ ಇಲ್ಲದೆ.

ಕೂತು ಲೆಕ್ಕ ಮಾಡುವವರಿಗೆ ತೊಂದರೆ ಕೊಡುವ ಕೆಲವು ಸಂಗತಿಗಳಿವೆ. ಹೆಚ್ಚಿನ ಪ್ರೋಗ್ರಾಮುಗಳಲ್ಲಿ ಕೊಡುವ ಸಣ್ಣ ಕಾಲ್ಪನಿಕ ಸಂಖ್ಯೆ ಅರ್ಧ ಅಗಲ. ಪಟ್ಟಿಗಳಲ್ಲಿರುವುದು ಪೂರ್ತಿ ಅಗಲ. ನೇರವಾಗಿ ತಂದು ಹಾಕಿದರೆ ಎರಡು ಪಟ್ಟು ತಪ್ಪು. ಪ್ರೋಗ್ರಾಮು ಆಗಲೇ ಒಂದಿಷ್ಟು ಹರಡಿದ್ದನ್ನು ಮರೆತು ಮತ್ತೆ ಹರಡುವುದೂ ಸಾಮಾನ್ಯ: ಲೊರೆಂಟ್ಜಿಯನ್ ಅಗಲಗಳು ನೇರವಾಗಿ ಕೂಡುತ್ತವೆ, ಗೌಸಿಯನ್ ಅಗಲಗಳ ವರ್ಗಗಳು ಕೂಡುತ್ತವೆ. ಅಗಲ ಬದಲಾಗುವಾಗ ಕನ್ವಲ್ಯೂಷನ್ನಿಗೆ ಫೂರಿಯೆ ರೂಪಾಂತರದ ಮಾಮೂಲಿ ವೇಗದ ದಾರಿ ನೇರವಾಗಿ ನಡೆಯದು. ಒಂದೊಂದೇ ಬಿಂದುವಿಗೆ ಕೂಡಿಸಬೇಕು, ಮತ್ತು ಶಕ್ತಿಯ ಜಾಲರಿಯ ಹೆಜ್ಜೆ ಅತಿ ಸಣ್ಣ ಅಗಲಕ್ಕಿಂತಲೂ ಚಿಕ್ಕದಿರಬೇಕು. ಲೋಹಗಳಲ್ಲಿ, ತುಂಬಿದ ಸ್ಥಿತಿಗಳನ್ನು ಕತ್ತರಿಸಿ ಹಾಕಿದ ಮೇಲೆ ಹರಡಬೇಕು. ಮೊದಲು ಹರಡಿ ಆಮೇಲೆ ಕತ್ತರಿಸಿದರೆ ಅಂಚು ಗೋಡೆಯಂತೆ ಕಡಿದಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಹರಳಿನ ಲೆಕ್ಕದಲ್ಲಿ ಎಲೆಕ್ಟ್ರಾನಿನ ತರಂಗಸದಿಶಗಳನ್ನು ಒಂದು ಜಾಲರಿಯಲ್ಲಿ ಆಯ್ದುಕೊಳ್ಳುತ್ತೇವೆ. ಜಾಲರಿ ಒರಟಾಗಿದ್ದರೆ ರೋಹಿತದಲ್ಲಿ ಹುಸಿ ಮುಳ್ಳುಗಳೇಳುತ್ತವೆ. ಜಾಲರಿ ಬಿಗಿಗೊಳಿಸಲು ಕಂಪ್ಯೂಟರ್ ಸಮಯ ಬೇಕು. ಅಗಲ ಹೆಚ್ಚಿಸಲು ಒಂದು ಅಂಕಿ ತಿದ್ದಿದರೆ ಸಾಕು. ಹೀಗೆ ಎಷ್ಟೋ ಸಲ ‘ಪ್ರಯೋಗಕ್ಕೆ ಹೊಂದುವಂತೆ’ ಎಂದು ಬರೆದ ಅಗಲ ನಿಜವಾಗಿ ಒರಟು ಜಾಲರಿಯನ್ನು ಮುಚ್ಚಿದ ಹೊದಿಕೆಯಾಗಿರುತ್ತದೆ. ಇದನ್ನು ಬಯಲುಮಾಡುವ ಪರೀಕ್ಷೆ ಕಷ್ಟದ್ದಲ್ಲ: ಅಗಲವನ್ನು ಅರ್ಧಕ್ಕಿಳಿಸಿ ಮತ್ತೆ ಬಿಡಿಸಿ. ಏಳುವ ಮುಳ್ಳುಗಳು ಜಾಲರಿ ಬಿಗಿಯಾದಂತೆ ಜಾಗ ಬದಲಿಸಿದರೆ ಅವು ಹುಸಿ. ಇದ್ದಲ್ಲೇ ನಿಂತರೆ ನಿಜ. ಕಡ್ಡಿಗಳ ಕಡತವನ್ನೇ ಲೇಖನದ ಜೊತೆ ಕೊಟ್ಟರೆ ಓದುಗರೇ ತಮ್ಮ ಅಗಲ ಹಾಕಿ ಪರಿಶೀಲಿಸಬಹುದು. ಇದಕ್ಕೆ ಖರ್ಚಾಗುವುದು ಕೆಲವು ಕಿಲೋಬೈಟು.

ಅಗಲವನ್ನು ಹೊರಗಿನಿಂದ ಹಾಕದೆ ಲೆಕ್ಕದಿಂದಲೇ ಪಡೆಯಬಹುದೇ? 2008ರಲ್ಲಿ ಆಂಡ್ರಿಯಾ ಮರೀನಿ ಸಿಲಿಕಾನ್ ಮತ್ತು ಷಡ್ಭುಜೀಯ ಬೋರಾನ್ ನೈಟ್ರೈಡಿನಲ್ಲಿ ಎಲೆಕ್ಟ್ರಾನ್–ಫೋನಾನ್ ಒಡನಾಟವನ್ನು ಎಕ್ಸೈಟಾನಿನ (ಪರಸ್ಪರ ಸೆಳೆತದಲ್ಲಿರುವ ಎಲೆಕ್ಟ್ರಾನ್–ರಂಧ್ರ ಜೋಡಿಯ) ಲೆಕ್ಕಕ್ಕೆ ಸೇರಿಸಿ ಅದನ್ನು ಮಾಡಿ ತೋರಿಸಿದರು. ಪ್ರತಿ ಸ್ಥಿತಿಗೂ ಅದರದೇ ಆಯಸ್ಸು ಬಂತು, ತಾಪದೊಂದಿಗೆ ಅದು ಕುಗ್ಗಿತು, ಶಿಖರಗಳು ಜಾಗ ಸರಿದವು. ಹೊರಗಿನ ಯಾವ ಅಂಕಿಯೂ ಇಲ್ಲದೆ ಅಳತೆಗೆ ಹೊಂದಿತು. ಸಿಲಿಕಾನಿನ ಶಿಖರಗಳು ತಾಪದೊಂದಿಗೆ ಹೇಗೆ ಅಗಲವಾಗುತ್ತವೆ ಎಂದು ಲೌಟೆನ್‌ಶ್ಲಾಗರ್, ಗಾರಿಗಾ, ವಿನ್ಯಾ ಮತ್ತು ಕಾರ್ಡೋನಾ 1987ರಲ್ಲೇ ವಿವರವಾಗಿ ಅಳೆದಿಟ್ಟಿದ್ದರು. 2012ರಲ್ಲಿ ನಾಫ್‌ಸಿಂಗರ್ ಮತ್ತು ಸಂಗಡಿಗರು ಗ್ಯಾಪಿನಿಂದ 3.4ರವರೆಗಿನ ಫೋನಾನ್ ನೆರವಿನ ಹೀರಿಕೆಯನ್ನೂ ಮೂಲತತ್ತ್ವಗಳಿಂದ ಪಡೆದರು. ಲೊರೆಂಟ್ಜಿಯನ್ನಿನ ಬಾಲ ಸುಳ್ಳುಸುಳ್ಳಾಗಿ ತುಂಬುತ್ತಿದ್ದ ಜಾಗ ಅದೇ.

ಘಟಕಕೋಶದಲ್ಲಿ ಕೆಲವೇ ಪರಮಾಣುಗಳಿರುವ ಹರಳಿಗೆ ಇದೆಲ್ಲ ಸಾಧ್ಯವಾಗಿದೆ. ನೂರಾರು ಪರಮಾಣುಗಳ ಬಣ್ಣದ ಅಣು ಆಕ್ಸೈಡಿನ ಮೇಲ್ಮೈ ಮೇಲೆ ಕೂತಿರುವ ವ್ಯವಸ್ಥೆಗೆ ಇಂಥ ಲೆಕ್ಕ ಈಗಲೂ ಕೈಗೆಟುಕದಷ್ಟು ದುಬಾರಿ. ಅಲ್ಲಿ ನಡುದಾರಿಯೊಂದಿದೆ: ಅದೇ ಆಕ್ಸೈಡಿನ ಸಣ್ಣ ಹರಳಿನಲ್ಲಿ ಶಕ್ತಿಗೆ ತಕ್ಕ ಅಗಲದ ರೇಖೆಯನ್ನು ಒಮ್ಮೆ ಸರಿಯಾಗಿ ಲೆಕ್ಕ ಹಾಕಿ, ಅದನ್ನು ಕಡತದಲ್ಲಿಟ್ಟು, ದೊಡ್ಡ ವ್ಯವಸ್ಥೆಯ ಕಡ್ಡಿಗಳಿಗೆ ಕೊಡುವುದು, ಅಣುವಿನ ಕಡ್ಡಿಗಳಿಗೆ ಬೇರೆಯದೇ ಗೌಸಿಯನ್ ಅಗಲ. ಯಾವ ಕಡ್ಡಿ ಅಣುವಿನದು, ಯಾವುದು ಆಕ್ಸೈಡಿನದು ಎಂದು ಬಿಡಿಸುವುದು ಸುಲಭವಲ್ಲ, ಎರಡೂ ಬೆರೆತಿರುತ್ತವೆ. ಬೆರೆತ ಸ್ಥಿತಿಯ ಅಲೆಫಲನ ಎಲ್ಲೆಲ್ಲಿ ಎಷ್ಟೆಷ್ಟು ಹರಡಿದೆ ಎಂದು ನೋಡಿ ಎರಡು ಅಗಲಗಳನ್ನು ಅದೇ ಪಾಲಿನಲ್ಲಿ ಕೊಡಬಹುದು. ಹಾಗೆ ಕೊಟ್ಟ ಪಾಲನ್ನೂ ಲೇಖನದಲ್ಲಿ ಬರೆಯಬೇಕು.